ಹೊಳೆ ದಂಡೆ ಮನೆಯ ಕಿಟಕಿ: ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು

ಹೊನ್ನಾಳಿಯಲ್ಲಿ ಮೆಡಿಕಲ್ ಶಾಪ್ ಇಟ್ಟು ನನಗೆ ಹತ್ತೊಂಬತ್ತು ವರ್ಷ ಆಯಿತು. ಮನೆ ಹೊಳೆಗೆ ಹತ್ತಿರ. ಮಹಡಿ ಮೇಲೆ ನಿಂತರೆ ತುಂಗಭದ್ರೆ ಕಾಣುತ್ತದೆ. ಬೆಂಗಳೂರಿನಿಂದ ಬಂದ ನೆಂಟರು ಎದೆ ತುಂಬ ಉಸಿರು ಎಳೆದುಕೊಂಡು, "ನಿಮ್ಮ ಪುಣ್ಯ ನೋಡ್ರಿ, ಎಂಥ ಗಾಳಿ" ಅನ್ನುತ್ತಾರೆ. ಆಷಾಢದಲ್ಲಿ ಬಂದವರು ಹೇಳಿದರೆ ಆ ಮಾತು ಸರಿ. ಡಿಸೆಂಬರ್ ತಿಂಗಳ ಬೆಳಗಿನ ಜಾವ ನಿಂತು ಹೇಳಿದರೆ ನಾನು ಒಪ್ಪುವುದಿಲ್ಲ.

ಒಪ್ಪದಿರುವುದಕ್ಕೆ ಕಾರಣ ನಮ್ಮವ್ವ. ಅವ್ವನಿಗೆ ಹಳೆಯ ಉಬ್ಬಸ. ಐದು ವರ್ಷದ ಹಿಂದೆ ನಾನೇ, "ಬೆಳಗ್ಗೆ ಆರಕ್ಕೆ ಎದ್ದು ಹೊಳೆ ದಂಡೆಗೆ ಒಂದು ಸುತ್ತು ನಡೆದು ಬಾ ಅವ್ವ, ಒಳ್ಳೆ ಗಾಳಿ ಸಿಗುತ್ತೆ" ಅಂತ ಕಳಿಸುತ್ತಿದ್ದೆ. ಡಿಸೆಂಬರ್ ಎರಡನೇ ವಾರ ಇರಬೇಕು. ಹೊಳೆ ಮೇಲೆ ಬೆಳ್ಳಗೆ ಮಂಜು ಕೂತಿತ್ತು. ಅವ್ವ ಅರ್ಧ ದಾರಿಗೇ ವಾಪಸ್ ಬಂದು ಕಟ್ಟೆ ಮೇಲೆ ಕೂತಳು. "ನೀರು" ಅನ್ನುವುದಕ್ಕೂ ಎರಡು ಸಲ ಉಸಿರು ಎಳೆದಳು. ಆಸ್ಪತ್ರೆಗೆ ಸೇರಿಸಿ ನೆಬ್ಯುಲೈಸರ್ ಹಚ್ಚಿದ ಮೇಲೆ ಉಸಿರು ಹಿಡಿತಕ್ಕೆ ಬಂತು. ಎರಡು ದಿನ ಅಲ್ಲೇ ಇದ್ದೆವು. ಔಷಧಿ ಅಂಗಡಿ ನಡೆಸುವವನು ನಾನು. ಆ ಹೊತ್ತಿನಲ್ಲಿ ಅವ್ವನನ್ನು ಹೊರಗೆ ಕಳಿಸಿದವನೂ ನಾನೇ. ಅದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಅಂಗಡಿಯ ಹಳೆ ಬಿಲ್ ಪುಸ್ತಕ ತೆಗೆದು ಕೂತೆ. ಉಬ್ಬಸದ ಪಂಪು, ಅಂದರೆ ಇನ್ಹೇಲರ್, ಯಾವ ತಿಂಗಳು ಎಷ್ಟು ಹೋಗಿದೆ ಅಂತ ನೋಡಿದೆ. ಕಾರ್ತೀಕದ ಕೊನೆಯಿಂದ ಸಂಕ್ರಾಂತಿಯವರೆಗೆ ಒಂದು ದೊಡ್ಡ ಏರು. ಮೇ ತಿಂಗಳಲ್ಲಿ ಇನ್ನೊಂದು. ಶ್ರಾವಣ ಭಾದ್ರಪದದಲ್ಲಿ ಒಂದು ಸಣ್ಣದು. ಪ್ರತಿ ವರ್ಷವೂ ಹೀಗೇ. ಮಳೆಗೆ ಮಿರುಗ, ಆರಿದ್ರ, ಪುನರ್ವಸು ಅಂತ ಲೆಕ್ಕ ಇಟ್ಟುಕೊಂಡಿದ್ದೇವಲ್ವಾ, ನಮ್ಮೂರಿನ ಗಾಳಿಗೂ ಅಂಥದೇ ಒಂದು ಲೆಕ್ಕ ಇದೆ. ಅದನ್ನು ತಿಳಿದುಕೊಂಡರೆ ಕಿಟಕಿ ಯಾವಾಗ ತೆಗೆಯಬೇಕು, ಯಾವಾಗ ಹಾಕಬೇಕು ಅನ್ನುವುದು ಗೊತ್ತಾಗುತ್ತದೆ. ಹೆಚ್ಚು ದುಡ್ಡು ಬೇಕಾಗಿಲ್ಲ.

ಮೊದಲು ನಂಬರಿನ ಮಾತು

ಗಾಳಿಯಲ್ಲಿ ಧೂಳು ಎರಡು ಥರ ಅಂತ ಇಟ್ಟುಕೊಳ್ಳಿ. ದಪ್ಪ ಧೂಳು ಮೂಗಿನಲ್ಲಿ, ಗಂಟಲಲ್ಲಿ ನಿಲ್ಲುತ್ತದೆ. ಸೀನು, ಕೆಮ್ಮು ಬರುತ್ತದೆ. ಸಣ್ಣ ಧೂಳಿಗೆ ಪಿಎಂ 2.5 ಅಂತ ಹೆಸರು. ಅಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದು. ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಅದು ಶ್ವಾಸಕೋಶದ ತಳದವರೆಗೂ ಇಳಿಯುತ್ತದೆ. ಹೊಗೆಯಲ್ಲಿ ಇರುವುದು ಜಾಸ್ತಿ ಇದೇ. ನಮ್ಮ ದೇಶದ 2009ರ ಮಾನದಂಡದ ಪ್ರಕಾರ ಒಂದು ಘನ ಮೀಟರ್ ಗಾಳಿಯಲ್ಲಿ ಇದು ದಿನದ ಸರಾಸರಿ 60 ಮೈಕ್ರೋಗ್ರಾಂ ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಮಿತಿಯನ್ನು 15ಕ್ಕೆ ಇಳಿಸಿದೆ. ಮನೆಯಲ್ಲಿ ಉಬ್ಬಸದವರು ಇದ್ದರೆ ಎರಡನೇ ನಂಬರನ್ನೇ ನೆನಪಿಡಿ ಅಂತ ನಾನು ಹೇಳುತ್ತೇನೆ.

ಹೊನ್ನಾಳಿಯ ಗಾಳಿ ಹೇಗಿದೆ ಅಂತ ತಿಳಿಯಲು ನಾನು ಅಕ್ಕಪಕ್ಕದ ಊರು ನೋಡುತ್ತೇನೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಮಾಪನ ಕೇಂದ್ರ ಇದೆ. ಶಿವಮೊಗ್ಗದ ವಿನೋಬನಗರದಲ್ಲಿ ಇನ್ನೊಂದು. ಎರಡೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವು. ಕೇಂದ್ರ ಮಂಡಳಿಯ 'ಸಮೀರ್' ಆ್ಯಪ್ ಮೊಬೈಲಿಗೆ ಹಾಕಿಕೊಂಡರೆ ಎರಡನ್ನೂ ನೋಡಬಹುದು. ಒಂದು ಕಡೆ ಮಲೆನಾಡಿನ ಬಾಗಿಲು, ಇನ್ನೊಂದು ಕಡೆ ಬಯಲುಸೀಮೆ. ನಾವು ನಡುವೆ. ದಾವಣಗೆರೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಸೇರಿಸಿದ್ದಾರೆ. ಕರ್ನಾಟಕದಿಂದ ಅದರಲ್ಲಿ ಇರುವುದು ನಾಲ್ಕೇ ಊರು. ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ದಾವಣಗೆರೆ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಗಾಳಿಯ ಚಿಂತೆ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ.

ಆ್ಯಪ್ ನೋಡುವಾಗ ಎರಡು ವಿಷಯ ಗಮನದಲ್ಲಿರಲಿ. ಅಲ್ಲಿ ಕಾಣುವ ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಬೇರೆ, ಮೈಕ್ರೋಗ್ರಾಂ ಬೇರೆ. ಪಿಎಂ 2.5 ಅರವತ್ತು ಇದ್ದರೆ ಎಕ್ಯೂಐ 100. ತೊಂಬತ್ತು ಇದ್ದರೆ 200. ಇನ್ನೊಂದು, ಧೂಳಿನ ಎಕ್ಯೂಐ ಹಿಂದಿನ 24 ಗಂಟೆಯ ಸರಾಸರಿ. ಬೆಳಗ್ಗೆ ಏಳಕ್ಕೆ ಎಷ್ಟು ಕೆಟ್ಟಿತ್ತು, ಮಧ್ಯಾಹ್ನ ಮೂರಕ್ಕೆ ಎಷ್ಟು ಚೆನ್ನಾಗಿತ್ತು ಅನ್ನುವುದು ಅದರಲ್ಲಿ ಕರಗಿ ಹೋಗುತ್ತದೆ. ಕಿಟಕಿ ತೆಗೆಯುವವರಿಗೆ ಬೇಕಾಗಿರುವುದು ಗಂಟೆಯ ಲೆಕ್ಕ.

ಅದಕ್ಕೇ ನಾನು ಅಂಗೈ ಅಗಲದ ಒಂದು ಮೀಟರ್ ತರಿಸಿಕೊಂಡೆ. ಒಳಗೆ ಸಣ್ಣ ಲೇಸರ್ ಇರುತ್ತದೆ. ಧೂಳಿಗೆ ಬಡಿದು ಚದುರಿದ ಬೆಳಕನ್ನು ಅಳೆದು ನಂಬರ್ ಹೇಳುತ್ತದೆ. ಒಂದು ದೋಷ ಇದೆ. ಮಂಜಿದ್ದಾಗ, ತೇವ ಜಾಸ್ತಿ ಇದ್ದಾಗ, ಧೂಳಿನ ಕಣ ನೀರು ಕುಡಿದು ಊದಿಕೊಳ್ಳುತ್ತದೆ. ಮೀಟರ್ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಮೊದಲ ಚಳಿಗಾಲ ನಾನು ಆ ನಂಬರ್ ನೋಡಿ ಗಾಬರಿಯಾಗಿದ್ದೆ. ಆಮೇಲೆ ಮಂಜು ಇಲ್ಲದ ಚಳಿ ದಿನಗಳ ಜೊತೆ ಹೋಲಿಸಿದೆ. ಆ ದಿನಗಳಲ್ಲೂ ಬೆಳಗ್ಗೆ ಏಳರ ನಂಬರ್ ಮಧ್ಯಾಹ್ನದ್ದಕ್ಕಿಂತ ಬಹಳ ಮೇಲೇ ಇತ್ತು. ಮೀಟರ್ ತರಿಸಿದವರು ನಂಬರ್ ಎಷ್ಟು ಅನ್ನುವುದಕ್ಕಿಂತ ಯಾವ ಹೊತ್ತಿಗೆ ಏರುತ್ತೆ, ಯಾವ ಹೊತ್ತಿಗೆ ಇಳಿಯುತ್ತೆ ಅನ್ನುವುದನ್ನು ನೋಡಿ.

ಮೀಟರ್ ಇಲ್ಲದಿದ್ದರೂ ನಡೆಯುತ್ತದೆ. ಹೊಗೆ ನೋಡಿ ಸಾಕು.

ಹೊಗೆ ಅಡ್ಡ ಮಲಗಿದರೆ

ನವೆಂಬರ್ ಮಧ್ಯದಿಂದ ಫೆಬ್ರವರಿವರೆಗೆ ಬೆಳಗ್ಗೆ ಆರೂವರೆಗೆ ಮಹಡಿ ಹತ್ತಿ. ಯಾವುದಾದರೂ ಮನೆಯ ಬಚ್ಚಲ ಒಲೆಯ ಹೊಗೆ ಕಾಣುತ್ತದೆ. ಅದು ಹೆಂಚಿನ ಮೇಲೆ ಸ್ವಲ್ಪ ದೂರ ನೆಟ್ಟಗೆ ಏರಿ, ತೆಂಗಿನ ಮರದ ಎತ್ತರಕ್ಕೆ ಬಂದು, ಅಲ್ಲಿಂದ ಮುಂದೆ ಹೋಗದೆ ಚಾಪೆ ಹಾಸಿದ ಹಾಗೆ ಅಡ್ಡ ಹರಡಿಕೊಳ್ಳುತ್ತಿದೆಯಾ? ಹಾಗಿದ್ದರೆ ಕಿಟಕಿ ತೆಗೆಯಬೇಡಿ. ಅದೇ ಹೊಗೆ ಸೀದಾ ಮೇಲಕ್ಕೆ ಹೋಗಿ ಕಾಣದಾಗುತ್ತಿದ್ದರೆ, ಇಲ್ಲಾ ಗಾಳಿಗೆ ಚೆದುರಿ ಚೂರಾಗುತ್ತಿದ್ದರೆ, ತೆಗೆಯಬಹುದು.

ಕಾರಣ ಸರಳ. ಚಳಿಗಾಲದ ರಾತ್ರಿ ಆಕಾಶ ಬಯಲಾಗಿರುತ್ತದೆ. ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕಿದ ಹಾಗೆ ಇರುತ್ತದೆ. ಪಾತ್ರೆಯೊಳಗೆ ಹೊಗೆ ಹಾಕಿ ಮುಚ್ಚಿದರೆ ಏನಾಗುತ್ತೋ ಅದೇ. ಹೊಳೆ ಊರಿಗಿಂತ ತಗ್ಗು. ತಣ್ಣನೆಯ ಗಾಳಿ ನೀರಿನ ಹಾಗೆ ತಗ್ಗಿಗೇ ಹರಿಯುತ್ತದೆ. ಹೊಲದ ಕಡೆಯಿಂದ, ಓಣಿಗಳಿಂದ ರಾತ್ರಿಯೆಲ್ಲ ಇಳಿದು ಹೊಳೆ ಪಾತ್ರದಲ್ಲಿ ನಿಲ್ಲುತ್ತದೆ. ಹೋಗುವ ದಾರಿಯಲ್ಲಿ ಸಿಕ್ಕ ಹೊಗೆಯನ್ನೂ ಜೊತೆಗೆ ಒಯ್ಯುತ್ತದೆ. ಹೊಳೆ ನೀರು ಆ ಗಾಳಿಗಿಂತ ಬೆಚ್ಚಗಿರುವುದರಿಂದ ಆವಿ ಎದ್ದು ಮಂಜಾಗುತ್ತದೆ. ನಾವು ದಂಡೆ ಮೇಲೆ ನಿಂತು "ಎಷ್ಟು ಚೆಂದ" ಅನ್ನುವುದು ಇಡೀ ಊರಿನ ರಾತ್ರಿಯ ಹೊಗೆ ಸೇರಿದ ಮಂಜಿಗೆ. ಮುಂಗಾರಿನ ಪಡುವಣ ಗಾಳಿಯ ಜೋರು ಆಗ ಇರುವುದಿಲ್ಲ. ಸಣ್ಣ ಮೂಡಗಾಳಿ, ಅದೂ ಬೆಳಗ್ಗೆ ನಿಂತೇ ಹೋಗಿರುತ್ತದೆ. ಬರೀ ಚಳಿಗೂ ಉಬ್ಬಸ ಕೆರಳುತ್ತದೆ. ಚಳಿ, ಹೊಗೆ ಎರಡೂ ಸೇರಿದರೆ ನಮ್ಮವ್ವನಿಗೆ ಆದದ್ದು ಆಗುತ್ತದೆ.

ಸೂರ್ಯ ಮೇಲೆ ಬಂದು ನೆಲ ಕಾದ ಮೇಲೆ ಮುಚ್ಚಳ ತೆರೆಯುತ್ತದೆ. ನಮ್ಮಲ್ಲಿ ಅದು ಒಂಬತ್ತೂವರೆ ಹತ್ತರ ಹೊತ್ತಿಗೆ. ನಮ್ಮ ಮನೆಯ ಕ್ರಮ ಹೀಗಿದೆ. ಹತ್ತೂವರೆಗೆ ಎಲ್ಲಾ ಕಿಟಕಿ ತೆಗೆಯುತ್ತೇವೆ. ಎದುರುಬದುರು ಕಿಟಕಿ ತೆಗೆದರೆ ಅರ್ಧ ಗಂಟೆಯಲ್ಲಿ ಒಳಗಿನ ಗಾಳಿ ಬದಲಾಗುತ್ತದೆ. ಹಾಸಿಗೆ, ರಗ್ಗು ಬಿಸಿಲಿಗೆ ಹಾಕುವುದೂ ಆಗಲೇ. ಸಂಜೆ ಐದಕ್ಕೆ ಹಾಕಿಬಿಡುತ್ತೇವೆ. ದೀಪ ಹಚ್ಚುವ ಹೊತ್ತಿಗೆ ತಂಪು ಇಳಿದು, ಬೀದಿಯಲ್ಲಿ ಕಸಕ್ಕೆ ಬೆಂಕಿ ಬಿದ್ದು, ಒಲೆ ಹೊತ್ತಿ, ಮತ್ತೆ ಮುಚ್ಚಳ ಬೀಳುತ್ತದೆ. ಹಳೆ ಮನೆಗಳಲ್ಲಿ ಗವಾಕ್ಷಿ ಇರುತ್ತದೆ. ಅದನ್ನು ಪೂರ್ತಿ ಮುಚ್ಚಬೇಡಿ. ಅಡುಗೆಮನೆಯ ಬಿಸಿ ಹೊಗೆ ಹೋಗುವುದಕ್ಕೆ ಅದೇ ದಾರಿ. ಅವ್ವನ ವಾಕಿಂಗ್ ಈಗ ನಾಲ್ಕೂ ಕಾಲಿಗೆ ಶುರು, ಐದಕ್ಕೆ ಮುಗಿಯುತ್ತದೆ. ಅದೇ ಹೊಳೆ ದಂಡೆ, ಅದೇ ಕಾಲುದಾರಿ.

ಒಂದು ವಿಷಯ ಒತ್ತಿ ಹೇಳಬೇಕು. ಒಳಗೆ ಕಟ್ಟಿಗೆ ಒಲೆ, ಇದ್ದಿಲು, ಅಗ್ಗಿಷ್ಟಿಕೆ ಉರಿಯುತ್ತಿದ್ದರೆ ಕಿಟಕಿ ಹಾಕಬೇಡಿ. ಹೊರಗೆ ಎಷ್ಟೇ ಹೊಗೆ ಇರಲಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಏಳುವುದಿಲ್ಲ. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕುವವರಿಗೆ ನಾನು ಅಂಗಡಿಯಲ್ಲೇ ನಿಲ್ಲಿಸಿಕೊಂಡು ಹೇಳುತ್ತೇನೆ. ಗ್ಯಾಸ್ ಗೀಸರ್ ಇರುವ ಬಾತ್‌ರೂಮಿಗೂ ಇದೇ ಮಾತು.

ಬಚ್ಚಲ ಒಲೆ

ನಮ್ಮ ಕಡೆ ಅಡುಗೆ ಗ್ಯಾಸಿಗೆ ಬಂದರೂ ಸ್ನಾನದ ನೀರು ಇನ್ನೂ ಹಂಡೆಯಲ್ಲೇ ಕಾಯುತ್ತದೆ. ತೆಂಗಿನ ಗರಿ, ಮೆಕ್ಕೆಜೋಳದ ಬೆಂಡು, ಅಡಿಕೆ ಹಾಳೆ, ಸಿಕ್ಕಿದ್ದೆಲ್ಲ ಒಲೆಗೆ. ಬೇಡ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕು ಅಂತಲೂ ನಾನು ಹೇಳುವುದಿಲ್ಲ. ಹೊಗೆ ಕಡಿಮೆ ಮಾಡುವುದು ಹೇಗೆ ಅಂತ ಹೇಳುತ್ತೇನೆ.

ಕಟ್ಟಿಗೆ ಒಣಗಿರಬೇಕು. ಹಸಿ ಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ಬೆಂಕಿ ಸರಿಯಾಗಿ ಹತ್ತುವುದಿಲ್ಲ, ಬರೀ ಹೊಗೆ. ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. ಟಣ್ ಅಂದರೆ ಒಣಗಿದೆ. ದಬ್ ಅಂದರೆ ಇನ್ನೂ ಬಿಸಿಲು ಬೇಕು. ಚಳಿಗಾಲದ ಕಟ್ಟಿಗೆಯನ್ನು ಬೇಸಿಗೆಯಲ್ಲೇ ಸೀಳಿ ಸೂರಿನ ಕೆಳಗೆ ಒಟ್ಟಬೇಕು. ನೆಲಕ್ಕೆ ತಾಗದ ಹಾಗೆ ಕೆಳಗೆ ಎರಡು ಕಲ್ಲು ಇಡಿ.

ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಕವರ್, ಹಾಲಿನ ಪ್ಯಾಕೆಟ್, ಹಳೆ ಚಪ್ಪಲಿ, ಸೈಕಲ್ ಟೈರಿನ ತುಂಡು ಬಳಸುತ್ತಾರೆ. ದಯವಿಟ್ಟು ಬೇಡ. ಆ ಹೊಗೆ ಕಣ್ಣಿಗೆ ಕಾಣುವ ಕಪ್ಪಿಗಿಂತ ಕೆಟ್ಟದ್ದು. ತೆಂಗಿನ ನಾರು, ಒಣ ಬೆಂಡು ಸಾಕು. ಒಲೆ ಹೊಸದಾಗಿ ಕಟ್ಟಿಸುವವರು ಚಿಮಣಿ ಇರುವ ಅಸ್ತ್ರ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನಮ್ಮ ಹಳ್ಳಿಗಳಿಗೆ ಅಂತಲೇ ರೂಪಿಸಿದ್ದು ಅದು. ಕಟ್ಟಿಗೆಯೂ ಕಡಿಮೆ ಸಾಕು. ಚಿಮಣಿಯನ್ನು ಮಾಡಿನ ನೆತ್ತಿಗಿಂತ ಮೇಲಕ್ಕೆ ಒಯ್ಯಿರಿ. ಇಲ್ಲದಿದ್ದರೆ ನಿಮ್ಮ ಹೊಗೆ ಪಕ್ಕದ ಮನೆಯ ಕಿಟಕಿಗೆ ಹೋಗುತ್ತದೆ.

ಇನ್ನು ಬೀದಿ ಕಸ. ಬೆಳಗ್ಗೆ ಗುಡಿಸಿ ಎಲೆ, ಕವರ್ ಎಲ್ಲ ಒಟ್ಟು ಹಾಕಿ ಕಡ್ಡಿ ಗೀರುವುದು ನಮ್ಮಲ್ಲಿ ಒಂದು ಅಭ್ಯಾಸ ಆಗಿಬಿಟ್ಟಿದೆ. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ನಮ್ಮ ಓಣಿಯಲ್ಲಿ ದಂಡದ ಮಾತು ಕೆಲಸ ಮಾಡಲಿಲ್ಲ. ನಾನು ಅವ್ವನನ್ನು ಕರೆದುಕೊಂಡು ಎರಡು ಮನೆಗೆ ಹೋದೆ. "ನಿಮ್ಮ ಕಸದ ಹೊಗೆ ನನ್ನ ಎದೆಗೆ ಬರುತ್ತವ್ವ" ಅಂತ ಅವಳೇ ಹೇಳಿದಳು. ಆ ಎರಡು ಮನೆಯಲ್ಲಿ ಅವತ್ತಿನಿಂದ ಸುಡುವುದು ನಿಂತಿದೆ. ಎಲೆಗೆ ತೆಂಗಿನ ಬುಡದಲ್ಲಿ ಗುಂಡಿ ತೆಗೆದಿದ್ದಾರೆ.

ಸುಗ್ಗಿ

ನಮ್ಮದು ನೀರಾವರಿ ಸೀಮೆ. ನಾಲೆ ನೀರು ಸಿಕ್ಕ ಕಡೆ ಭತ್ತ ವರ್ಷಕ್ಕೆ ಎರಡು ಸಲ. ಮಳೆಗಾಲದ ಬೆಳೆ ನವೆಂಬರ್ ಡಿಸೆಂಬರಿನಲ್ಲಿ ಕೊಯ್ಲಿಗೆ ಬರುತ್ತದೆ. ಬೇಸಿಗೆ ಬೆಳೆ ಮೇ ತಿಂಗಳಲ್ಲಿ. ಬಿಲ್ ಪುಸ್ತಕದ ಮೇ ತಿಂಗಳ ಏರಿಗೆ ಕಾರಣ ಆಮೇಲೆ ಹೊಳೆಯಿತು. ಕೊಯ್ಯುವ ಮಷಿನ್ ಗದ್ದೆಯಲ್ಲಿ ಓಡುವಾಗ ಏಳುವ ಹೊಟ್ಟಿನ ಧೂಳು, ಆಮೇಲೆ ಮುಂದಿನ ನಾಟಿಗೆ ಅವಸರ ಅಂತ ಕೂಳೆಗೆ ಇಡುವ ಬೆಂಕಿ. ಡಿಸೆಂಬರಿನಲ್ಲಿ ಇದಕ್ಕೆ ಚಳಿಯ ಮುಚ್ಚಳವೂ ಸೇರುತ್ತದೆ.

ಗದ್ದೆ ಇರುವ ಗಿರಾಕಿಗಳಿಗೆ ನಾನು ಹೇಳುವುದು ಲಾಭದ ಮಾತು. ಹುಲ್ಲನ್ನು ಪೆಂಡಿ ಕಟ್ಟುವ ಮಷಿನ್ ಬಾಡಿಗೆಗೆ ಸಿಗುತ್ತದೆ. ಬೇಸಿಗೆಯಲ್ಲಿ ಹುಲ್ಲಿಗೆ ದನ ಕಟ್ಟಿದವರು ಮನೆ ಬಾಗಿಲಿಗೆ ಬರುತ್ತಾರೆ. ಉಳಿದ ಕೂಳೆಯನ್ನು ನೀರು ಬಿಟ್ಟು ರೋಟವೇಟರ್ ಹೊಡೆಸಿದರೆ ಮಣ್ಣಿಗೆ ಸೇರುತ್ತದೆ. ಸುಡಲೇಬೇಕು ಅನ್ನುವ ಹಟಕ್ಕೆ ಬಿದ್ದವರಿಗೂ ಒಂದು ಮಾತು ಹೇಳುತ್ತೇನೆ. ಸಂಜೆ ಮಾತ್ರ ಬೇಡ. ಸಂಜೆಯ ಹೊಗೆ ರಾತ್ರಿಯೆಲ್ಲ ಊರ ಮೇಲೇ ಇರುತ್ತದೆ.

ಮೆಕ್ಕೆಜೋಳದ ಕಾಳು ಬಿಡಿಸುವ ಮಷಿನ್ ಮುಂದೆ ನಿಲ್ಲುವವರ ಬಗ್ಗೆ ನನಗೆ ಜಾಸ್ತಿ ಚಿಂತೆ. ದಾವಣಗೆರೆ ಜಿಲ್ಲೆ ಅಂದರೆ ಮೆಕ್ಕೆಜೋಳ. ಸೀಸನ್ನಿನಲ್ಲಿ ರಸ್ತೆ ಅಂಚಿಗೆಲ್ಲ ರಾಶಿ. ಮಷಿನ್ ಬಾಯಿಂದ ಹಳದಿ ಧೂಳು ಹೊಗೆಯ ಹಾಗೆ ಬರುತ್ತದೆ. ಅದರಲ್ಲಿ ಬೂಷ್ಟಿನ ಬೀಜವೂ ಇರುತ್ತದೆ. ಹುಡುಗರು ಟವೆಲ್ ಸುತ್ತಿಕೊಂಡು ಬೆಳಗಿನಿಂದ ಸಂಜೆವರೆಗೆ ನಿಲ್ಲುತ್ತಾರೆ. ಟವೆಲ್ ದಪ್ಪ ಧೂಳನ್ನು ತಡೆಯುತ್ತದೆ, ಸಣ್ಣದನ್ನು ತಡೆಯುವುದಿಲ್ಲ. ಒದ್ದೆ ಮಾಡಿಕೊಂಡರೂ ಅಷ್ಟೇ. ಎನ್95 ಮಾಸ್ಕ್ ಬೇಕು. ಅದರ ಬಟ್ಟೆ 0.3 ಮೈಕ್ರಾನಿನ ಕಣವನ್ನೂ ನೂರಕ್ಕೆ 95ರಷ್ಟು ಹಿಡಿಯುತ್ತದೆ. ಆದರೆ ಮುಖಕ್ಕೆ ಕೂರಬೇಕು. ಹಾಕಿಕೊಂಡು ಜೋರಾಗಿ ಉಸಿರು ಬಿಡಿ. ಮೂಗಿನ ಪಕ್ಕದಿಂದ ಕಣ್ಣಿಗೆ ಗಾಳಿ ಬಂದರೆ ಮೇಲಿನ ತಂತಿ ಒತ್ತಿ ಸರಿಮಾಡಿ. ಗಡ್ಡ ದಟ್ಟವಾಗಿದ್ದರೆ ಸರಿಯಾಗಿ ಕೂರುವುದಿಲ್ಲ. ತೊಳೆಯಬಾರದು, ತೊಳೆದರೆ ಹಿಡಿಯುವ ಶಕ್ತಿ ಹೋಗುತ್ತದೆ. ಉಸಿರಾಡಲು ಬಿಗಿ ಅನ್ನಿಸಿದಾಗ ಬದಲಾಯಿಸಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವ ಹಾಗೆ ಮಷಿನ್ ನಿಲ್ಲಿಸಿಕೊಳ್ಳುವುದಂತೂ ಪುಕ್ಕಟೆ.

ಅಡಿಕೆ ಸುಲಿಯುವ, ಬೇಯಿಸುವ ಮನೆಗಳಲ್ಲಿ ಹೆಂಗಸರು ಒಲೆಯ ಪಕ್ಕದಲ್ಲೇ ರಾತ್ರಿವರೆಗೆ ಕೂರುತ್ತಾರೆ. ಮೆಟ್ಟುಗತ್ತಿ ಸಾಲನ್ನು ಒಲೆಯಿಂದ ಹತ್ತು ಮಾರು ಆಚೆ ಇಟ್ಟರೂ ಹೊಗೆ ಬಹಳ ಕಡಿಮೆಯಾಗುತ್ತದೆ. ಯಜಮಾನರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಆ ಅಕ್ಕಂದಿರು ತಮಗಾಗಿ ಕೇಳುವುದಿಲ್ಲ. ಕೆಮ್ಮಿನ ಔಷಧಿಗೆ ನನ್ನ ಹತ್ತಿರ ಬರುತ್ತಾರೆ, ಅಷ್ಟೇ.

ಬಿಸಿಲು

ಶಿವರಾತ್ರಿ ಕಳೆದ ಮೇಲೆ ಹೊಗೆಯ ಕಾಟ ಇಳಿಯುತ್ತದೆ. ಬಿಸಿಲಿಗೆ ಗಾಳಿ ಮೇಲೇಳುತ್ತದೆ. ಧೂಳಿನ ಕಾಟ ಶುರುವಾಗುತ್ತದೆ. ಹೊಳೆ ಬತ್ತಿ ಮರಳು, ಗೋಡು ಬಯಲಾಗುತ್ತದೆ. ಇಟ್ಟಿಗೆ ಗೂಡುಗಳು ಉರಿಯುವ ಕಾಲವೂ ಇದೇ. ಮಣ್ಣು ಹೇರಿದ ಟ್ರ್ಯಾಕ್ಟರ್ ಹೋದರೆ ಎದುರಿನ ಅಂಗಡಿ ಕಾಣುವುದಿಲ್ಲ. ಈಗ ಕಿಟಕಿಯ ಲೆಕ್ಕ ತಿರುಗುಮುರುಗು. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ತೆಗೆಯಿರಿ, ಬಿಸಿಗಾಳಿ ಶುರುವಾದ ಮೇಲೆ ರಸ್ತೆ ಕಡೆಯದನ್ನು ಹಾಕಿ. ಕಸ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಅಂಗಳಕ್ಕೆ ನೀರು ಚಿಮುಕಿಸುವ ನಮ್ಮ ಹಳೆಯ ರೂಢಿ ಧೂಳಿಗೆ ಒಳ್ಳೆ ಮದ್ದು. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಹತ್ತು ನಿಮಿಷ ಜೋರು ಗಾಳಿ ಬೀಸುತ್ತದಲ್ಲ, ಮೋಡ ಕಪ್ಪಾದ ಕೂಡಲೇ ಉಬ್ಬಸದವರನ್ನು ಒಳಗೆ ಕರೆಯಿರಿ. ಮಳೆ ಬಿದ್ದ ಮೇಲೆ ಎಲ್ಲಾ ತೆರೆಯಿರಿ.

ಮಳೆಗಾಲದಲ್ಲಿ ಕೆಡುವುದು ಒಳಗಿನ ಗಾಳಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿ ವರ್ಷದಲ್ಲೇ ಚೆನ್ನಾಗಿರುತ್ತದೆ. ಪಡುವಣ ಗಾಳಿ ಬಿಡದೆ ಬೀಸುತ್ತದೆ. ಮಳೆ ಧೂಳನ್ನು ತೊಳೆಯುತ್ತದೆ. ಪುನರ್ವಸು ಮಳೆಯ ದಿನಗಳಲ್ಲಿ ನನ್ನ ಮೀಟರ್ ಒಂದಂಕಿ ತೋರಿಸಿದ್ದಿದೆ. ಆದರೆ ನಾವು ಚಳಿ, ಎರಚಲು, ಸೊಳ್ಳೆ ಅಂತ ಕಿಟಕಿ ಹಾಕಿ ಕೂರುತ್ತೇವೆ. ಶ್ರಾವಣದ ಆ ಸಣ್ಣ ಏರಿಗೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಸೊಳ್ಳೆ ಬತ್ತಿಯಿಂದ ಶುರು ಮಾಡುತ್ತೇನೆ. ಒಂದು ಬತ್ತಿ ಪೂರ್ತಿ ಉರಿದರೆ ಬಿಡುವ ಸಣ್ಣ ಧೂಳು 75ರಿಂದ 137 ಸಿಗರೇಟಿನ ಧೂಳಿಗೆ ಸಮ ಅಂತ ಸಂಶೋಧಕರು 2003ರಲ್ಲಿ ಅಳೆದು ಹೇಳಿದ್ದಾರೆ. ಮುಚ್ಚಿದ ಕೋಣೆ, ಮಂಚದ ಕೆಳಗೆ ಬತ್ತಿ, ಮೇಲೆ ಮಗು. ನಾನು ಬತ್ತಿ ಮಾರುವುದನ್ನೇ ಬಿಟ್ಟೆ. ಸೊಳ್ಳೆ ಪರದೆ ಇಟ್ಟಿದ್ದೇನೆ. ಕಿಟಕಿಗೆ ಜಾಲರಿ ಹೊಡೆಸಿದರೆ ಸೊಳ್ಳೆಯೂ ಬರುವುದಿಲ್ಲ, ಗಾಳಿಯೂ ಬರುತ್ತದೆ. ಬೇವಿನ ಸೊಪ್ಪಿನ ಹೊಗೆ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ದನದ ಕೊಟ್ಟಿಗೆಗೆ ಹಾಕಿ. ಉಬ್ಬಸದವರ ಕೋಣೆಗೆ ಯಾವ ಹೊಗೆಯೂ ಬೇಡ, ಸಾಂಬ್ರಾಣಿಯೂ ಬೇಡ. ದೇವರಿಗೆ ದೀಪ ಹಚ್ಚಿ, ಹೂ ಏರಿಸಿ. ಅವ್ವ ಊದುಬತ್ತಿಯನ್ನು ತುಳಸಿಕಟ್ಟೆಗೆ ಒಯ್ದು ಹಚ್ಚುತ್ತಾಳೆ.

ಆಮೇಲೆ ಬೂಷ್ಟು. ಹೊಳೆ ದಂಡೆ ಮನೆಗಳ ಗೋಡೆ ಕೆಳಗಿನಿಂದ ತೇವ ಎಳೆಯುತ್ತದೆ. ಬೀರು ಗೋಡೆಗೆ ಅಂಟಿಕೊಂಡಿದ್ದರೆ ಅದರ ಬೆನ್ನಿಗೆ ಕಪ್ಪು ಚುಕ್ಕೆ ಬೀಳುತ್ತದೆ. ಒಂದು ಗೇಣು ಈಚೆ ಎಳೆಯಿರಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಗಿಸಬೇಡಿ. ಮಳೆ ಬಿಡುವು ಕೊಟ್ಟಾಗಲೆಲ್ಲ ಒಂದು ಗಂಟೆ ಕಿಟಕಿ ತೆಗೆದು ಫ್ಯಾನ್ ಹಾಕಿ. ಬೂಷ್ಟನ್ನು ಒಣಗಿದಾಗ ಕೆರೆಯಬಾರದು, ಬೀಜ ಮನೆಯೆಲ್ಲ ಹಾರುತ್ತದೆ. ಸೋಪಿನ ಪುಡಿ ಕಲಸಿದ ನೀರಿನಲ್ಲಿ ಒದ್ದೆ ಮಾಡಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಆ ಕೆಲಸಕ್ಕೆ ಉಬ್ಬಸ ಇಲ್ಲದವರು ನಿಲ್ಲಲಿ. ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಅದಕ್ಕೆ ಪಾಯಿಖಾನೆ ತೊಳೆಯುವ ಆ್ಯಸಿಡ್ ಯಾವ ಕಾರಣಕ್ಕೂ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ. ಬೇಗ ಬೆಳ್ಳಗಾಗಲಿ ಅಂತ ಎರಡೂ ಕಲಸಿದ ಒಬ್ಬ ತಾಯಿ ಕಣ್ಣು ಮೂಗೆಲ್ಲ ನೀರಾಗಿ ನನ್ನ ಅಂಗಡಿಗೆ ಓಡಿ ಬಂದಿದ್ದರು. ಆಸ್ಪತ್ರೆಗೆ ಕಳಿಸಿದೆ.

ಹೊಳೆ ಉಕ್ಕಿದ ವರ್ಷ ಇನ್ನೊಂದು ಕೆಲಸ ಇದೆ. ನೀರು ಇಳಿದ ಮೇಲೆ ಓಣಿಯಲ್ಲಿ ಬಿಟ್ಟುಹೋದ ಗೋಡು ಮಣ್ಣನ್ನು ಹಸಿ ಇದ್ದಾಗಲೇ ಎಳೆದು ಹಾಕಿ. ಒಣಗಲು ಬಿಟ್ಟರೆ ಸಣ್ಣ ಹಿಟ್ಟಾಗಿ ಹಾರುತ್ತದೆ, ಅದರಲ್ಲಿ ಚರಂಡಿಯದ್ದೂ ಸೇರಿರುತ್ತದೆ.

ಖಾಲಿ ಸೈಟಿನ ಕಾಂಗ್ರೆಸ್ ಗಿಡ ಮರೆಯಬೇಡಿ. ಪಾರ್ಥೇನಿಯಂ. ಮುಂಗಾರಿನ ಮಳೆಗೆ ಎದ್ದು ಶ್ರಾವಣದ ಹೊತ್ತಿಗೆ ಬಿಳಿ ಹೂ ಬಿಡುತ್ತದೆ. ಆ ಹೂವಿನ ಪುಡಿಗೆ ಸೀನು, ಉಬ್ಬಸ, ಚರ್ಮದ ತುರಿಕೆ ಎಲ್ಲ ಬರುತ್ತದೆ. ಹೂ ಬಿಡುವ ಮುಂಚೆ, ನೆಲ ಹಸಿ ಇದ್ದಾಗ ಬೇರು ಸಮೇತ ಕೀಳಬೇಕು. ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ. ನಮ್ಮ ಓಣಿಯ ಹುಡುಗರು ನಾಗರ ಪಂಚಮಿಗೆ ಮುಂಚಿನ ಭಾನುವಾರ ಇದನ್ನು ಮಾಡುತ್ತಾರೆ. ನಾನು ಗ್ಲೌಸ್ ಕೊಡುತ್ತೇನೆ, ನಮ್ಮ ಮನೆಯಿಂದ ಮಂಡಕ್ಕಿ ಮಿರ್ಚಿ.

ಪಂಪಿನ ಮಾತು

ಕಿಟಕಿಯ ಲೆಕ್ಕ ಔಷಧಿಯ ಬದಲಿಗೆ ಅಲ್ಲ. ಉಬ್ಬಸಕ್ಕೆ ಎರಡು ಥರದ ಪಂಪು ಇವೆ. ಒಂದು ತಕ್ಷಣ ಉಸಿರು ಬಿಡಿಸುವುದು. ಇನ್ನೊಂದು ದಿನವೂ ತೆಗೆದುಕೊಂಡು ಉಬ್ಬಸ ಬಾರದ ಹಾಗೆ ತಡೆಯುವುದು. ಮಳೆಗಾಲದಲ್ಲಿ ಆರಾಮ ಅನ್ನಿಸಿ ಎರಡನೆಯದನ್ನು ಬಿಡುತ್ತಾರೆ, ಡಿಸೆಂಬರಿನಲ್ಲಿ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ. ದೀಪಾವಳಿಗೆ ಮುಂಚೆಯೇ ಡಾಕ್ಟರ ಹತ್ತಿರ ಹೋಗಿ ಬನ್ನಿ. ಪಟಾಕಿಯ ಮೂರು ರಾತ್ರಿಗೂ ಅನುಕೂಲ, ಮುಂದಿನ ಚಳಿಗೂ ಅನುಕೂಲ. ವಯಸ್ಸಾದವರಿಗೆ, ಮಕ್ಕಳಿಗೆ ಪಂಪಿನ ಜೊತೆ ಸ್ಪೇಸರ್, ಅಂದರೆ ಪಂಪಿನ ಬಾಯಿಗೆ ಸಿಕ್ಕಿಸುವ ಕೊಳವೆ, ಕೊಡಿಸಿ. ಇಲ್ಲದಿದ್ದರೆ ಔಷಧಿ ಅರ್ಧ ನಾಲಿಗೆ ಮೇಲೇ ಉಳಿಯುತ್ತದೆ. ತಡೆಯುವ ಪಂಪಿನಲ್ಲಿ ಸ್ಟಿರಾಯ್ಡ್ ಇರುತ್ತದೆ, ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿಯಾದರೆ, ಪಂಪು ಹೊಡೆದರೂ ಉಸಿರು ಇಳಿಯದಿದ್ದರೆ ಮನೆಯಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಏರ್ ಪ್ಯೂರಿಫೈಯರ್ ಬೇಕಾ ಅಂತ ಕೆಲವರು ಕೇಳುತ್ತಾರೆ. ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದಾದರೆ ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡುತ್ತದೆ. ಹೆಂಚಿನ ಮನೆಯ ಸಂದಿನಲ್ಲಿ ಹೊರಗಿನ ಗಾಳಿ ಬರುತ್ತಲೇ ಇರುತ್ತದೆ, ಅಲ್ಲಿ ದುಡ್ಡು ದಂಡ. ಮೊದಲು ಜಾಲರಿ, ಒಣ ಕಟ್ಟಿಗೆ, ಚಿಮಣಿ. ದುಡ್ಡು ಉಳಿದರೆ ಆಮೇಲೆ ನೋಡಿ.

ನಮ್ಮ ಮನೆಯ ಕ್ಯಾಲೆಂಡರ್ ಪಕ್ಕದಲ್ಲಿ ಒಂದು ನೋಟ್‌ಬುಕ್ ನೇತು ಹಾಕಿದ್ದೇನೆ. ದಿನಕ್ಕೆ ಒಂದೇ ಸಾಲು. ಬೆಳಗ್ಗೆ ಹೊಗೆ ಏರಿತಾ ಮಲಗಿತಾ, ಮಂಜು ಇತ್ತಾ, ಅವ್ವ ಎಷ್ಟು ಸಲ ಪಂಪು ಹೊಡೆದಳು, ಅಕ್ಕಪಕ್ಕ ಏನು ಸುಟ್ಟರು. ಇದನ್ನು ಡಾಕ್ಟರಿಗೆ ತೋರಿಸಿದಾಗ ಅವರು ಐದು ನಿಮಿಷ ಕೂತು ಓದಿದರು, ಔಷಧಿಯ ಹೊತ್ತು ಬದಲಾಯಿಸಿಕೊಟ್ಟರು. ಈಗ ಆ ಪುಸ್ತಕ ಬರೆಯುವುದು ಅವ್ವನೇ. ಹೋದ ಡಿಸೆಂಬರಿನ ಒಂದು ಸಾಲು ಅವಳ ಕೈಬರಹದಲ್ಲಿ ಹೀಗಿದೆ: "ಹೊಗೆ ಮಲಗಿತ್ತು. ಕಿಟಕಿ ಹತ್ತೂವರೆಗೆ ತೆಗೆದೆ. ಸಂಜೆ ಹೊಳೆ ತನಕ ಹೋಗಿ ಬಂದೆ. ಪಂಪು ಇಲ್ಲ."